ಮಗನ ಗುಳಿಗೆಯೂ ಮನೆಯ ವಿಮೆಯೂ

ತಿಂಗಳಿಗೊಮ್ಮೆ ನಾನು ನಸುಕಿನಲ್ಲೆದ್ದು ರೊಟ್ಟಿ ಬಡಿದು, ಬುತ್ತಿ ಕಟ್ಟಿಕೊಂಡು ಸಿಂಧನೂರು ನಿಲ್ದಾಣದಲ್ಲಿ ಬಳ್ಳಾರಿ ಬಸ್ಸು ಹತ್ತುತ್ತೇನೆ. ದೇವರ ದರ್ಶನಕ್ಕೂ ಅಲ್ಲ, ಮದುವೆಯ ಜವಳಿಗೂ ಅಲ್ಲ. ಮೂವತ್ತು ಗುಳಿಗೆ ತರಲಿಕ್ಕೆ. ಮೊದಲು ಇದು ನಮ್ಮ ಮನೆಯವರ ಕೆಲಸವಾಗಿತ್ತು. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೀಟಿನ ದುಡ್ಡಿಲ್ಲ ನೋಡಿ, ಅಂದಿನಿಂದ ನನ್ನ ಪಾಲಿಗೆ ಬಂತು. ಹೋಗಿ ಬರುವಷ್ಟರಲ್ಲಿ ಒಂದು ದಿನ ಪೂರ್ತಿ ಹೋಗುತ್ತದೆ ಅನ್ನಿ.

ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಹೆಣ್ಣುಮಕ್ಕಳು ಕೇಳುತ್ತಾರೆ, ಯಾರಿಗೆ ಆರಾಮಿಲ್ಲ, ಏನು ಬೇನೆ ಅಂತ. ಹೇಳಿದರೆ ಮುಂದಿನ ಪ್ರಶ್ನೆ ಒಂದೇ: "ಇನ್ಶೂರೆನ್ಸ್ ಮಾಡ್ಸಿಲ್ಲೇನ್ರೀ?" ಮಾಡಿಸಿದ್ದೇವೆ. ವರ್ಷ ವರ್ಷ ಕಂತು ತಪ್ಪದೆ ಕಟ್ಟುತ್ತೇವೆ. ಆದರೂ ಮಗನ ಗುಳಿಗೆಗೆ ಅದರಿಂದ ಒಂದು ಪೈಸೆ ಬಂದಿಲ್ಲ. ಯಾಕೆ ಬರಲಿಲ್ಲ ಎನ್ನುವುದು ತಿಳಿಯಲಿಕ್ಕೆ ನನಗೆ ಮೂರು ವರ್ಷ ಹಿಡಿಯಿತು. ನಿಮಗೆ ಅಷ್ಟು ಹಿಡಿಯುವುದು ಬೇಡ ಅಂತ ಇದನ್ನು ಬರೆಯುತ್ತಿದ್ದೇನೆ. ನಾನು ಎಸ್ಸೆಸ್ಸೆಲ್ಸಿ ತನಕ ಓದಿದವಳು. ಬರವಣಿಗೆಯಲ್ಲಿ ತಪ್ಪಿದ್ದರೆ ಸೋದರಿಯರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಕಾಲುವೆಯ ದಂಡೆಯ ಮೇಲೆ

ನಮ್ಮ ಸಣ್ಣವನಿಗೆ ಈಗ ಹನ್ನೆರಡು. ಕೂಸಿದ್ದಾಗಿನಿಂದಲೂ ಕಾಲು ನಿಂತವನಲ್ಲ. ನೆಲುವಿಗೆ ಕೈ ಹಾಕುವುದು, ಮಾಳಿಗೆಯ ಅಂಚಿನ ಮೇಲೆ ನಡೆಯುವುದು, ಊಟದ ನಡುವೆ ಮೂರು ಸಲ ಎದ್ದು ಓಡುವುದು. ನಮ್ಮ ಅತ್ತೆಯವರು ನಗುತ್ತಿದ್ದರು. "ಹುಡುಗ್ರು ಅಂದ್ರ ಹಂಗ ಇರ್ತಾವ. ಇವರಪ್ಪ ಇವನಕಿಂತ ಹೆಚ್ಚಿನ ಕಿಡಿಗೇಡಿ ಇದ್ದ" ಅನ್ನುತ್ತಿದ್ದರು. ನಾನೂ ಹಾಗೇ ನಂಬಿದ್ದೆ.

ಕೊರೋನಾ ಕಳೆದು ಶಾಲೆ ಮತ್ತೆ ಶುರುವಾದ ಮೇಲೆ ಟೀಚರು ನನ್ನನ್ನು ಕರೆಸಿದರು. "ಹುಡುಗ ಶಾಣ್ಯಾ ಅದಾನ್ರೀ ಅಕ್ಕಾರ, ಕೇಳಿದ್ದಕ್ಕ ಉತ್ತರ ಹೇಳ್ತಾನ. ಆದ್ರ ಐದ್ ನಿಮಿಷ ಕುಂದ್ರಂಗಿಲ್ಲ, ಬರ್ಯಾಕ ಹಚ್ಚಿದ್ರ ಅರ್ಧಕ್ಕ ಬಿಡ್ತಾನ" ಅಂದರು. ಅದಕ್ಕೂ ನಾನು ಏಳಲಿಲ್ಲ. ಎದ್ದದ್ದು 2022ರ ಬೇಸಿಗೆಯಲ್ಲಿ. ತುಂಗಭದ್ರಾ ಎಡದಂಡೆ ಕಾಲುವೆ ನಮ್ಮ ಕಡೆ ಹರಿಯುವುದು ನಿಮಗೆ ಗೊತ್ತು. ಚೆಂಡು ನೀರಿಗೆ ಬಿತ್ತೆಂದು ಇವನು ಹಿಂದೆ ಮುಂದೆ ನೋಡದೆ ಜಿಗಿದಿದ್ದ. ದನ ಮೈ ತೊಳೆಯುತ್ತಿದ್ದ ಒಬ್ಬ ಅಜ್ಜ ಅಂಗಿ ಹಿಡಿದು ಎಳೆಯದಿದ್ದರೆ ಈ ಲೇಖನವೇ ಇರುತ್ತಿರಲಿಲ್ಲ. ಮನೆಗೆ ತಂದ ಮೇಲೆ "ಯಾಕ ಜಿಗದಿಯೋ?" ಅಂದರೆ, "ಗೊತ್ತಿಲ್ಲವ್ವಾ, ಜಿಗದಿದ್ದೆ" ಅಂದ. ಸುಳ್ಳಲ್ಲ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಬಳ್ಳಾರಿಯ ಮನೋವೈದ್ಯರು ಒಂದೇ ದಿನದಲ್ಲಿ ಹೆಸರಿಡಲಿಲ್ಲ. ಎರಡು ಸಲ ಕರೆಸಿ, ನನ್ನನ್ನು ಬೇರೆ, ಅವರಪ್ಪನನ್ನು ಬೇರೆ ಕೇಳಿ, ಟೀಚರಿಂದ ಒಂದು ಫಾರಂ ತುಂಬಿಸಿ ತರಿಸಿ, ಆಮೇಲೆ ಎ.ಡಿ.ಎಚ್.ಡಿ. ಎಂದರು. ಗಮನ ನಿಲ್ಲದಿರುವುದು, ಮಿತಿ ಮೀರಿದ ಚಟುವಟಿಕೆ, ಯೋಚಿಸುವ ಮೊದಲೇ ಮಾಡಿಬಿಡುವುದು. 1902ರಲ್ಲೇ ಲಂಡನ್ನಿನ ಜಾರ್ಜ್ ಸ್ಟಿಲ್ ಎಂಬ ಮಕ್ಕಳ ವೈದ್ಯರು ಇಂಥ ಮಕ್ಕಳ ಬಗ್ಗೆ ಉಪನ್ಯಾಸ ಕೊಟ್ಟಿದ್ದರಂತೆ. ಅಂದರೆ ಇದು ಮೊಬೈಲಿನಿಂದ ಬಂದದ್ದೂ ಅಲ್ಲ, ತಾಯಿಯ ಮುದ್ದಿನಿಂದ ಬಂದದ್ದೂ ಅಲ್ಲ. ಈ ಮಾತನ್ನು ಡಾಕ್ಟರು ನಮ್ಮ ಅತ್ತೆಯವರ ಎದುರಿಗೆ ಇನ್ನೊಂದು ಸಲ ಹೇಳಲಿ ಅಂತ ನಾನು ಕೇಳಿಕೊಂಡೆ. ಹೇಳಿದರು ಪಾಪ.

ಬೀಗದೊಳಗಿನ ಗುಳಿಗೆ

ಬರೆದುಕೊಟ್ಟ ಔಷಧದ ಹೆಸರು ಮಿಥೈಲ್‌ಫೆನಿಡೇಟ್. ಬಾಯಿ ತಿರುಗದ ಹೆಸರು, ಆದರೆ ಹಳೆಯ ಔಷಧ. 1944ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ಲಿಯಾಂಡ್ರೊ ಪಾನಿಜೋನ್ ಎಂಬವರು ಇದನ್ನು ಮೊದಲು ತಯಾರಿಸಿದರು. ಹೆಂಡತಿಯ ಮುದ್ದಿನ ಹೆಸರು ರೀಟಾ, ಅದರಿಂದಲೇ ರಿಟಾಲಿನ್ ಎಂದು ಹೆಸರಿಟ್ಟರಂತೆ. ಗಂಡಸರು ಹೆಂಡತಿಯ ಹೆಸರನ್ನು ಹೋಟೆಲಿಗೆ, ಲಾರಿಗೆ ಇಡುವುದು ಕಂಡಿದ್ದೆ, ಗುಳಿಗೆಗೆ ಇಟ್ಟದ್ದು ಇದೇ ಮೊದಲು ಕೇಳಿದ್ದು.

ಚೀಟಿ ಹಿಡಿದುಕೊಂಡು ನಮ್ಮೂರಲ್ಲಿ ನಾಲ್ಕು ಮೆಡಿಕಲ್ ತಿರುಗಿದೆ. ಮೂರರಲ್ಲಿ ಚೀಟಿ ನೋಡಿ ತಿರುಗಿ ಕೊಟ್ಟರು. ನಾಲ್ಕನೆಯವರು ಪರಿಚಯದವರು. "ಅಕ್ಕಾರ, ಇದನ್ನ ನಾವು ಇಡಂಗಿಲ್ರೀ. ಇದಕ್ಕ ಬ್ಯಾರೆ ಲೈಸೆನ್ಸೇ ಬೇಕು" ಎಂದು ಬಿಡಿಸಿ ಹೇಳಿದರು. ಅವರದೇನೂ ತಪ್ಪಿಲ್ಲ. ಔಷಧ ನಿಯಮಗಳಲ್ಲಿ 'ಎಕ್ಸ್' ಪಟ್ಟಿ ಅಂತ ಒಂದಿದೆ, ಈ ಔಷಧ ಅದರಲ್ಲಿದೆ. ಮಾರುವ ಅಂಗಡಿಗೆ ಪ್ರತ್ಯೇಕ ಲೈಸೆನ್ಸು ಇರಬೇಕು, ಸರಕನ್ನು ಬೀಗ ಹಾಕಿ ಇಡಬೇಕು, ಡಾಕ್ಟರು ಚೀಟಿಯನ್ನು ಎರಡು ಪ್ರತಿಯಲ್ಲಿ ಬರೆಯಬೇಕು, ಒಂದನ್ನು ಅಂಗಡಿಯವರು ಎರಡು ವರ್ಷ ಕಾದಿಡಬೇಕು. ಮೇಲೆ 1985ರ ಮಾದಕ ವಸ್ತುಗಳ ಕಾನೂನಿನ ಪಟ್ಟಿಯಲ್ಲೂ ಇದರ ಹೆಸರಿದೆ. ದುರುಪಯೋಗ ಮಾಡುವವರು ಇದ್ದಾರೆ, ಅದಕ್ಕೆ ಈ ಕಟ್ಟು. ಆದರೆ ಸಣ್ಣ ಊರಿನ ಅಂಗಡಿಯವರು ತಿಂಗಳಿಗೆ ಒಂದೋ ಎರಡೋ ಗಿರಾಕಿಗಾಗಿ ಇಷ್ಟೆಲ್ಲ ಯಾಕೆ ಹಚ್ಚಿಕೊಳ್ಳುತ್ತಾರೆ ಹೇಳಿ. ಹಾಗಾಗಿ ಗುಳಿಗೆಯ ಬೆಲೆಗಿಂತ ಅದನ್ನು ತರುವ ಖರ್ಚೇ ಹೆಚ್ಚು. ಡಾಕ್ಟರ ಫೀಸು, ಒಂದು ದಿನದ ದುಡಿಮೆ, ಮೂರು ತಿಂಗಳಿಗೊಮ್ಮೆ ಮಗನ ತೂಕ, ಎತ್ತರ, ಬಿ.ಪಿ. ನೋಡಿಸುವುದು. ಇಲ್ಲೇ ವಿಮೆಯ ನೆನಪು ಬಂದದ್ದು.

ಮೊದಲನೆಯ ಪತ್ರ

2019ರಲ್ಲಿ ಮನೆ ಮಂದಿಗೆಲ್ಲ ಸೇರಿಸಿ ಒಂದು ಆರೋಗ್ಯ ಪಾಲಿಸಿ ಮಾಡಿಸಿದ್ದೆವು. ನಮ್ಮ ಮನೆಯವರು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವವರು, ಅಲ್ಲಿಗೆ ಬರುತ್ತಿದ್ದ ಏಜೆಂಟರೇ ಮಾಡಿಕೊಟ್ಟದ್ದು. ಐದು ತಿಂಗಳ ಚೀಟಿ, ಬಿಲ್ಲು ಎಲ್ಲ ಪಿನ್ನು ಹಾಕಿ ಕಳಿಸಿದೆವು. ಹದಿನೈದು ದಿನಕ್ಕೆ ಕಂಪನಿಯ ಪತ್ರ ಬಂತು, ಹೊರರೋಗಿ ವೆಚ್ಚಕ್ಕೆ ಈ ಪಾಲಿಸಿಯಲ್ಲಿ ಅವಕಾಶವಿಲ್ಲ ಎಂದು. ನಾನು ಆ ಪತ್ರ ಹಿಡಿದು ಒಂದು ಮಧ್ಯಾಹ್ನ ಪೂರ್ತಿ ಅತ್ತೆ. ಮನಸ್ಸಿನ ಕಾಯಿಲೆಯೆಂದು ತಾತ್ಸಾರ ಮಾಡಿದರು ಅಂತ ನನ್ನ ಸಿಟ್ಟು.

ಆಮೇಲೆ ಲಿಂಗಸುಗೂರಿಗೆ ತವರಿಗೆ ಹೋದಾಗ ನಮ್ಮ ಅಣ್ಣನ ಮುಂದೆ ಪಾಲಿಸಿಯ ಪುಸ್ತಕ ಇಟ್ಟೆ. ಅಣ್ಣ ಬ್ಯಾಂಕಿನಲ್ಲಿದ್ದು ನಿವೃತ್ತನಾದವನು. ಕನ್ನಡಕ ಏರಿಸಿ ಓದಿ, "ತಂಗಿ, ನಿನ್ನ ಶುಗರ್ ಗುಳಿಗಿಗೆ ಇವರು ರೊಕ್ಕ ಕೊಟ್ಟಾರೇನು?" ಅಂದ. ಕೊಟ್ಟಿಲ್ಲ. ನಾನು ಕೇಳಿಯೂ ಇರಲಿಲ್ಲ. "ಮತ್ತ ಅವನ ಗುಳಿಗಿಗೆ ಹ್ಯಾಂಗ ಕೊಡ್ತಾರ?" ಅಂದ.

ಸೋದರಿಯರೇ, ಇಡೀ ವಿಷಯದ ಗಂಟು ಇರುವುದು ಇಷ್ಟರಲ್ಲೇ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಅದರ 21ನೆಯ ಕಲಮಿನಲ್ಲಿ, ವಿಮೆ ಕಂಪನಿಗಳು ದೇಹದ ಕಾಯಿಲೆಗೆ ಯಾವ ರೀತಿ ಕೊಡುತ್ತವೆಯೋ ಅದೇ ರೀತಿ ಮಾನಸಿಕ ಕಾಯಿಲೆಯ ಚಿಕಿತ್ಸೆಗೂ ಕೊಡಬೇಕು ಅಂತಿದೆ. ಅದಕ್ಕೆ ಮೊದಲು ಮನಸ್ಸಿನ ಕಾಯಿಲೆಯನ್ನು ಹೊರಗಿಟ್ಟೇ ಪಾಲಿಸಿ ಅಚ್ಚು ಹಾಕುತ್ತಿದ್ದರು. ವಿಮಾ ನಿಯಂತ್ರಣ ಪ್ರಾಧಿಕಾರ 2018ರ ಆಗಸ್ಟಿನಲ್ಲಿ ಕಂಪನಿಗಳಿಗೆ ಸೂಚನೆ ಕೊಟ್ಟಿತು. ಎಲ್ಲರೂ ಕೇಳಲಿಲ್ಲ. ಒಬ್ಬ ಹೆಣ್ಣುಮಗಳ ಆಸ್ಪತ್ರೆ ಖರ್ಚು ಕೊಡದೆ ಹೋದ ಕಂಪನಿಯ ವಿರುದ್ಧ 2021ರ ಏಪ್ರಿಲಿನಲ್ಲಿ ದೆಹಲಿ ಹೈಕೋರ್ಟು ತೀರ್ಪು ಕೊಟ್ಟು, ಕಾಯ್ದೆ ಜಾರಿಯಾದ ದಿನದಿಂದಲೇ ಕೊಡಬೇಕಿತ್ತು ಎಂದಿತು. ಮತ್ತೆ ಪ್ರಾಧಿಕಾರ 2022ರ ಅಕ್ಟೋಬರ್ 31ರೊಳಗೆ ಎಲ್ಲ ಪಾಲಿಸಿಯಲ್ಲೂ ಇದನ್ನು ಸೇರಿಸಿ ಎಂದು ಗಡುವು ಹಾಕಿತು.

ಕಾನೂನೇನೋ ನಮ್ಮ ಕಡೆ ಇದೆ. ಆದರೆ ಅದು ಹೇಳಿದ್ದು 'ಅದೇ ರೀತಿ' ಅಂತ. ನಮ್ಮಂಥವರ ಸಾಧಾರಣ ಪಾಲಿಸಿ ಆಸ್ಪತ್ರೆಗೆ ಸೇರಿದರೆ ಮಾತ್ರ ಕೊಡುತ್ತದೆ. ಬಿ.ಪಿ. ಗುಳಿಗೆಗೂ ಇಲ್ಲ, ಥೈರಾಯ್ಡ್ ಗುಳಿಗೆಗೂ ಇಲ್ಲ, ಎ.ಡಿ.ಎಚ್.ಡಿ. ಗುಳಿಗೆಗೂ ಇಲ್ಲ. ಈ ಮಕ್ಕಳು ಇದೇ ಕಾರಣಕ್ಕೆ ಆಸ್ಪತ್ರೆಯಲ್ಲಿ ಮಲಗುವುದು ತೀರ ಅಪರೂಪ. ಅವರಿಗೆ ಬೇಕಾದದ್ದು ತಿಂಗಳ ಗುಳಿಗೆ, ಡಾಕ್ಟರ ಭೇಟಿ, ಸಲಹೆಗಾರರ ಜೊತೆ ಮಾತು. ಅಷ್ಟೂ ಹೊರರೋಗಿ ಲೆಕ್ಕ. ಹೀಗೆ ಸಮಾನತೆ ಸಿಕ್ಕಿಯೂ ಕೈ ಬರಿದು. ಪಾಲಿಸಿಯಲ್ಲಿ 'ಒ.ಪಿ.ಡಿ.' ಅನ್ನುವ ಮೂರು ಅಕ್ಷರ ಹುಡುಕಿ ನೋಡಿ. ಇಲ್ಲವಾದರೆ ಬಿಲ್ಲು ಕಳಿಸಿ ಅಳುವ ಕೆಲಸ ಬೇಡ.

ಇಲ್ಲಿ ಇನ್ನೊಂದು ಮಾತು. "ಒಂದ್ ದಿನ ಅಡ್ಮಿಟ್ ಮಾಡಿಸಿ ಬಿಡ್ರಿ, ಜ್ವರ ಅಂತ ಬರಸ್ರಿ" ಅಂತ ಬುದ್ಧಿ ಹೇಳುವವರು ಓಣಿಗೊಬ್ಬರು ಇರುತ್ತಾರೆ. ನನಗೂ ಹೇಳಿದರು. ಅದು ಮೋಸ. ಸಿಕ್ಕಿಬಿದ್ದರೆ ಪಾಲಿಸಿಯೇ ಹೋಗುತ್ತದೆ, ಮಗನ ಕಾಗದಗಳಲ್ಲಿ ಇಲ್ಲದ ಜ್ವರ ಕೂತುಬಿಡುತ್ತದೆ. ನಾನು ಒಪ್ಪಲಿಲ್ಲ. ಹಾಗಂತ ನಾವೇನು ಸತ್ಯಹರಿಶ್ಚಂದ್ರರಲ್ಲ, ಮುಂದೆ ನಾವು ಮಾಡಿದ್ದು ಹೇಳುತ್ತೇನೆ, ಕೇಳಿ.

ಅರ್ಧ ಗುಳಿಗೆಯ ಆ ವಾರ

ಅದಕ್ಕೂ ಮೊದಲು ನಾನೊಬ್ಬಳೇ ಮಾಡಿದ ತಪ್ಪು ಇದೆ. ಆ ವರ್ಷ ಮಳೆ ಹಿಡಿದು ಭತ್ತದ ವ್ಯಾಪಾರ ಕುಸಿದಿತ್ತು, ಸಂಬಳ ತಡವಾಗುತ್ತಿತ್ತು. ಮೂವತ್ತು ಗುಳಿಗೆ ಅರವತ್ತು ದಿನ ಬರಲಿ ಅಂತ ನಾನು ಯಾರಿಗೂ ಹೇಳದೆ ಅಡಿಗೆಮನೆಯಲ್ಲಿ ಚಾಕುವಿನಿಂದ ಎರಡು ತುಂಡು ಮಾಡಿ ಕೊಡತೊಡಗಿದೆ. ನಮ್ಮ ಹುಡುಗನದು ಹೊಟ್ಟೆಯಲ್ಲಿ ನಿಧಾನವಾಗಿ ಕರಗುವ ಜಾತಿಯ ಗುಳಿಗೆ. ಅಂಥದನ್ನು ಮುರಿದರೆ ದಿನವೆಲ್ಲ ಬಿಡಬೇಕಾದ ಔಷಧ ಒಂದೇ ಸಲ ಬಿಟ್ಟುಕೊಳ್ಳುತ್ತದೆ. ನನಗೇನು ಗೊತ್ತು? ನಾಲ್ಕನೆಯ ದಿನ ಶಾಲೆಯಿಂದ ಬಂದವನು "ಅವ್ವಾ, ಎದಿ ಡಬಡಬ ಅಂತೈತಿ" ಅಂದ. ಮಧ್ಯಾಹ್ನದ ಮೇಲೆ ಔಷಧದ ಬಲವೆಲ್ಲ ಇಳಿದು ಮೊದಲಿಗಿಂತ ಹೆಚ್ಚು ಹಾರಾಟ, ಸಿಟ್ಟು. ವಾರ ತುಂಬುವಷ್ಟರಲ್ಲಿ ನಾನೇ ಹೆದರಿ ಡಾಕ್ಟರಿಗೆ ಫೋನು ಮಾಡಿದೆ. ಅವರು ಬೈದದ್ದು ಇಲ್ಲಿ ಬರೆಯುವಂತಿಲ್ಲ. ಬೈದ ಮೇಲೆ, "ಖರ್ಚು ಆಗ್ತಿಲ್ಲ ಅಂತ ಮೊದಲೇ ಹೇಳಬಾರದೇನಮ್ಮ?" ಎಂದು ಕೇಳಿ, ಫೀಸು ಎರಡು ತಿಂಗಳಿಗೊಮ್ಮೆ ಮಾಡಿಕೊಂಡರು. ಇದೇ ಬೇನೆಗೆ ಅಟೊಮಾಕ್ಸೆಟೀನ್ ಎಂಬ ಇನ್ನೊಂದು ಔಷಧ ಇದೆ, 'ಎಕ್ಸ್' ಪಟ್ಟಿಯಲ್ಲಿ ಇಲ್ಲ, ಆದ್ದರಿಂದ ಸಾಮಾನ್ಯ ಅಂಗಡಿಗಳು ತರಿಸಿಕೊಡಬಹುದು ಎಂದೂ ತಿಳಿಸಿದರು. ಅದು ಕೆಲಸ ತೋರಿಸಲು ಕೆಲವು ವಾರ ಹಿಡಿಯುತ್ತದೆ, ಎಲ್ಲ ಮಕ್ಕಳಿಗೂ ಒಗ್ಗುವುದಿಲ್ಲ. ನಮ್ಮವನಿಗೆ ಮೊದಲನೆಯದೇ ಸರಿ ಅಂತ ಮುಂದುವರಿಸಿದರು. ನಿಮ್ಮ ಮಗುವಿಗೆ ಯಾವುದು ಅನ್ನುವುದನ್ನು ಅಂಗಡಿಯವರಲ್ಲ, ಡಾಕ್ಟರೇ ಹೇಳಬೇಕು. ಆದರೆ ದುಡ್ಡಿನ ಮಾತನ್ನು ಅವರ ಮುಂದೆ ಬಾಯಿಬಿಟ್ಟು ಆಡಿ. ನಾಚಿಕೆಯಿಂದ ನಾನು ಮುಚ್ಚಿಟ್ಟದ್ದು ಮಗನ ಎದೆಯಲ್ಲಿ ಡಬಡಬ ಅಂತು.

ಖಾಲಿ ಬಿಟ್ಟ ಸಾಲು

2023ರಲ್ಲಿ ಏಜೆಂಟರು ಬೇರೆ ಕಂಪನಿಯ ಪಾಲಿಸಿ ತಂದರು. ಕಂತು ಸ್ವಲ್ಪ ಹೆಚ್ಚು, ಆದರೆ ಒ.ಪಿ.ಡಿ. ಖರ್ಚಿಗೆ ವರ್ಷಕ್ಕೆ ಇಷ್ಟು ಅಂತ ಕೊಡುತ್ತಾರೆ ಎಂದರು. ನನಗೆ ಹಬ್ಬವೇ ಆಯಿತು. ಫಾರಂ ತುಂಬುವಾಗ 'ಮನೆಯಲ್ಲಿ ಯಾರಾದರೂ ನಿಯಮಿತವಾಗಿ ಔಷಧ ಸೇವಿಸುತ್ತಿದ್ದಾರೆಯೇ' ಎಂಬ ಸಾಲು ಬಂತು. ಏಜೆಂಟರು ಪೆನ್ನು ತಡೆದು, "ಇದನ್ನ ಬರದ್ರ ಪಾಲಿಸಿನ ಕೊಡಂಗಿಲ್ರೀ ಅಕ್ಕಾರ. ಖಾಲಿ ಬಿಡ್ರಿ, ಮುಂದ ನೋಡ್ಕೊಳ್ಳಾಮು" ಅಂದರು. ನಮ್ಮ ಮನೆಯವರು ನನ್ನ ಮುಖ ನೋಡಿದರು. ನಾನು ಸುಮ್ಮನಿದ್ದೆ. ಅವರು 'ಇಲ್ಲ' ಎಂದು ಗೀಚಿ ಸಹಿ ಮಾಡಿದರು.

ಮೂರ್ಖತನ ಎಂಥದ್ದು ನೋಡಿ. ಇಲ್ಲವೆಂದು ಬರೆದ ಔಷಧದ ಬಿಲ್ಲನ್ನು ಅದೇ ಕಂಪನಿಗೆ ಕಳಿಸುವುದು ಹೇಗೆ? ಇದು ಪಾಲಿಸಿ ಕೈಗೆ ಬಂದ ಮೇಲೆ ಹೊಳೆಯಿತು. ಒಂದೂ ಬಿಲ್ಲು ಕಳಿಸಲಿಲ್ಲ. ಹೆಚ್ಚಿನ ಕಂತು ಕಟ್ಟಿದ್ದೇ ಬಂತು.

2024ರ ಬೇಸಿಗೆ ರಜೆಯಲ್ಲಿ ಹುಡುಗ ಮಸ್ಕಿಯಲ್ಲಿ ನನ್ನ ತಂಗಿಯ ಮನೆಯಲ್ಲಿದ್ದ. ಅಶೋಕನ ಶಾಸನ ಇರುವ ಗುಡ್ಡ ಗೊತ್ತಲ್ಲ, 1915ರಲ್ಲಿ ಸಿಕ್ಕಿ, ಅಶೋಕ ಅನ್ನುವ ಹೆಸರನ್ನೇ ಲೋಕಕ್ಕೆ ತೋರಿಸಿದ ಕಲ್ಲು. ಅದನ್ನು ನೋಡಲಿಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದರು. ಇಳಿಯುವಾಗ ಬಂಡೆಯಿಂದ ಬಂಡೆಗೆ ಹಾರಿ ಬಿದ್ದು ಮೊಣಕೈ ಮುರಿದುಕೊಂಡ. ಆಪರೇಷನ್ನು, ಮೂರು ದಿನ ಆಸ್ಪತ್ರೆ, ನಲವತ್ತಾರು ಸಾವಿರ ಬಿಲ್ಲು. ಇದಕ್ಕಾದರೂ ವಿಮೆ ಬರುತ್ತದಲ್ಲ ಎಂದು ನಾವು ಧೈರ್ಯವಾಗಿದ್ದೆವು. ಅರಿವಳಿಕೆ ಕೊಡುವ ಡಾಕ್ಟರು ಏನೇನು ಗುಳಿಗೆ ನಡೆದಿದೆ ಎಂದು ಕೇಳಿದಾಗ ನಾನು ಹೇಳಿದೆ. ಅದನ್ನಂತೂ ಹೇಳಲೇಬೇಕು, ಮುಚ್ಚಿಟ್ಟರೆ ಜೀವಕ್ಕೆ ಅಪಾಯ. ಬಿಡುಗಡೆಯ ಕಾಗದದಲ್ಲಿ ಅದನ್ನು ಬರೆದರು, 2022ರಿಂದ ಎ.ಡಿ.ಎಚ್.ಡಿ.ಗೆ ಔಷಧ ಎಂದು.

ಕಂಪನಿಯ ಪತ್ರ ಬಂತು. ಅರ್ಜಿಯಲ್ಲಿ ಮುಖ್ಯ ವಿಷಯ ಮರೆಮಾಚಿದ್ದೀರಿ, ಕ್ಲೇಮು ಕೊಡಲಾಗುವುದಿಲ್ಲ. ಏಜೆಂಟರು ಫೋನು ಎತ್ತಲಿಲ್ಲ. ಎತ್ತಿದಾಗ, "ಸಹಿ ನಿಮ್ದು ಅಲ್ರೀ?" ಎಂದರು. ನಿಜವೇ ತಾನೆ? ಕೈಯಲ್ಲಿದ್ದ ಎರಡು ಬಳೆ ಬ್ಯಾಂಕಿನಲ್ಲಿಟ್ಟು ಬಿಲ್ಲು ಕಟ್ಟಿದೆವು. ಮುರಿದದ್ದು ಮೊಣಕೈ, ಅದಕ್ಕೂ ಈ ಕಾಯಿಲೆಗೂ ಏನು ಸಂಬಂಧ ಅಂತ ಅಣ್ಣನ ಕೈಲಿ ಬರೆಸಿ ಕಂಪನಿಯ ದೂರು ವಿಭಾಗಕ್ಕೆ ಕಳಿಸಿದೆವು. ಕ್ಲೇಮು ಕೊಡಲಿಲ್ಲ. ಆದರೆ ಪಾಲಿಸಿ ರದ್ದು ಮಾಡದೆ, ಕಾಯಿಲೆಯನ್ನು ದಾಖಲೆಗೆ ಸೇರಿಸಿ ಮುಂದುವರಿಸಿದರು.

ಅಲ್ಲಿಗೆ ನಾವು ಬಿಟ್ಟೆವು. ಇನ್ನೊಂದು ಮೆಟ್ಟಿಲಿತ್ತು. ಕಂಪನಿಯ ಉತ್ತರ ಒಪ್ಪಿಗೆಯಾಗದಿದ್ದರೆ, ಅಥವಾ ಮೂವತ್ತು ದಿನವಾದರೂ ಉತ್ತರ ಬಾರದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ನರಿಗೆ ಬರೆಯಬಹುದು. ಫೀಸಿಲ್ಲ, ವಕೀಲರೂ ಬೇಕಿಲ್ಲ. ಪ್ರಾಧಿಕಾರದ ದೂರಿನ ಸಂಖ್ಯೆ 155255. ತಪ್ಪು ನಮ್ಮದಿತ್ತು ಅಂತ ನಮ್ಮ ಮನೆಯವರಿಗೆ ಮುಂದೆ ಹೋಗಲು ಮನಸ್ಸಾಗಲಿಲ್ಲ. ಹೋಗಬೇಕಿತ್ತು ಅಂತ ನನಗೆ ಈಗಲೂ ಒಂದೊಂದು ಸಲ ಅನಿಸುತ್ತದೆ. ಬಳೆ ಬಿಡಿಸಿಕೊಳ್ಳಲು ಹದಿನಾಲ್ಕು ತಿಂಗಳು ಹಿಡಿಯಿತಲ್ಲ.

ಏಜೆಂಟರ ಹೆದರಿಕೆಯಾದರೂ ಎಷ್ಟು ನಿಜ? ಮೊದಲೇ ಇದ್ದ ಕಾಯಿಲೆಗೆ ಕಾಯಬೇಕಾದ ಗರಿಷ್ಠ ಅವಧಿ ಮೊದಲು 4 ವರ್ಷವಿತ್ತು, 2024ರಲ್ಲಿ 3 ವರ್ಷಕ್ಕೆ ಇಳಿಸಿದ್ದಾರೆ. ನಿಜ ಬರೆದಿದ್ದರೆ ಒಂದೋ ಆ ಕಾಯಿಲೆಗೆ ಮಾತ್ರ ಕಾಯಿಸುತ್ತಿದ್ದರು, ಇಲ್ಲವೇ ಕಂತು ಏರಿಸುತ್ತಿದ್ದರು, ಇಲ್ಲವೇ ಬೇಡ ಅನ್ನುತ್ತಿದ್ದರು. ಬೇಡ ಅಂದಿದ್ದರೆ ಹಳೆಯ ಪಾಲಿಸಿ ಇದ್ದೇ ಇತ್ತು. ಕಾಯಿಲೆ ಗೊತ್ತಾಗುವ ಮೊದಲೇ ಮಾಡಿಸಿದ ಪಾಲಿಸಿ ಅದು, ಅದನ್ನು ಬಿಟ್ಟದ್ದೇ ನಾವು ಮಾಡಿದ ದೊಡ್ಡ ನಷ್ಟ. ಹಳೆಯ ಪಾಲಿಸಿಯನ್ನು ಸಿಟ್ಟಿನಿಂದ ಬಿಡಬೇಡಿ. ಒ.ಪಿ.ಡಿ. ಸಿಗುತ್ತದೆ ಎಂದು ಹೊಸದಕ್ಕೆ ಹೋಗುವುದಾದರೆ ಮೂರು ಮಾತು ಬರಹದಲ್ಲಿ ಕೇಳಿ: ವರ್ಷಕ್ಕೆ ಮಿತಿ ಎಷ್ಟು, ಗುಳಿಗೆಗೂ ಉಂಟೋ ಬರೀ ಡಾಕ್ಟರ ಫೀಸಿಗೋ, ಮನೋವೈದ್ಯರ ಭೇಟಿ ಸೇರಿದೆಯೋ. ಹೆಚ್ಚು ಕಟ್ಟುವ ಕಂತೂ ವರ್ಷದ ಗುಳಿಗೆಯ ಖರ್ಚೂ ಪಕ್ಕಪಕ್ಕ ಬರೆದು ಕಳೆಯಿರಿ. ನನ್ನ ಲೆಕ್ಕದಲ್ಲಿ ಉಳಿದದ್ದು ಬಹಳ ಕಡಿಮೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿಗಳ ಮೇಲಿನ ಜಿ.ಎಸ್.ಟಿ. ತೆಗೆದಿದ್ದಾರೆ, ಅಷ್ಟು ಹಗುರ.

ತಂಗಿಯ ಮಗಳು, ನನ್ನ ಮಗ

ಮಸ್ಕಿಯ ತಂಗಿಯ ಮಗಳಿಗೆ ಆಟಿಸಂ ಇದೆ. ಅವಳಿಗೆ 'ನಿರಾಮಯ' ಎಂಬ ಕೇಂದ್ರ ಸರ್ಕಾರದ ವಿಮೆ ಉಂಟು. 1999ರ ಕಾಯ್ದೆಯಿಂದ ಹುಟ್ಟಿದ ರಾಷ್ಟ್ರೀಯ ನ್ಯಾಸದ ಯೋಜನೆ. ವರ್ಷಕ್ಕೆ 1 ಲಕ್ಷ ರೂಪಾಯಿ ತನಕ, ಅದರಲ್ಲಿ ಹೊರರೋಗಿ ಖರ್ಚಿಗೂ ಒಂದು ಭಾಗ ಇದೆ. ಅಂಗವೈಕಲ್ಯದ ಪ್ರಮಾಣಪತ್ರ ಬೇಕು. ನಾನೂ ಆಸೆಯಿಂದ ಕೇಳಿದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ವೈಕಲ್ಯ, ಈ ನಾಲ್ಕಕ್ಕೆ ಮಾತ್ರ. ಬರೀ ಎ.ಡಿ.ಎಚ್.ಡಿ. ಇದ್ದರೆ ಇಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳ ಪಟ್ಟಿಯಲ್ಲೂ ಎ.ಡಿ.ಎಚ್.ಡಿ. ಅಂತ ಪ್ರತ್ಯೇಕ ಹೆಸರಿಲ್ಲ. ಆದರೆ ಎಷ್ಟೋ ಮಕ್ಕಳಿಗೆ ಎರಡೂ ಜೊತೆಗೆ ಇರುತ್ತವೆ. ನಿಮ್ಮ ಮಗುವಿಗೆ ಆಟಿಸಂ ಕೂಡ ಇದೆಯೆಂದು ಡಾಕ್ಟರು ಹೇಳಿದ್ದರೆ ಈ ಬಾಗಿಲು ತಟ್ಟಿ.

ಇನ್ನು ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕ ಕಾರ್ಡು. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ದೊಡ್ಡ ಆಸರೆ, ಆದರೆ ಅದೂ ಮುಖ್ಯವಾಗಿ ಆಸ್ಪತ್ರೆಯ ಚಿಕಿತ್ಸೆಗೆ, ಹೊರಗಿನ ಅಂಗಡಿಯ ಗುಳಿಗೆಗೆ ಅಲ್ಲ. ನಮ್ಮ ಲಿಂಗಸುಗೂರು ಕಡೆಯಿಂದ ಬೆಂಗಳೂರಿಗೆ ದುಡಿಯಲು ಹೋದ ಮಂದಿ ಇ.ಎಸ್.ಐ. ಮರೆಯಬಾರದು. ತಿಂಗಳಿಗೆ 21,000 ರೂಪಾಯಿ ತನಕ ಸಂಬಳದ ಕಾರ್ಖಾನೆ ಕೆಲಸಗಾರರ ಮಕ್ಕಳಿಗೂ ಅಲ್ಲಿ ಹೊರರೋಗಿ ಚಿಕಿತ್ಸೆ, ಔಷಧ ಎರಡೂ ಉಂಟು. ಬಡ ಕೆಲಸಗಾರನ ಆ ಕಾರ್ಡಿನಲ್ಲಿ ಇರುವುದು ನಮ್ಮ ದೊಡ್ಡ ಕಂತಿನ ಪಾಲಿಸಿಯಲ್ಲಿ ಇರಲಿಲ್ಲ ನೋಡಿ.

ಅಮೆರಿಕದಲ್ಲಿ ಎಲ್ಲ ಸುಖ ಅಂದುಕೊಂಡಿದ್ದೆ. ನಮ್ಮ ಮನೆಯವರ ಅಕ್ಕನ ಸೊಸೆ ಅಲ್ಲಿದ್ದಾಳೆ, ಅವಳ ಮಗನಿಗೂ ಇದೇ ತೊಂದರೆ. ಅಲ್ಲಿ ವಿಮೆ ಗುಳಿಗೆಗೂ ಕೊಡುತ್ತದೆ. ಆದರೆ ಡಾಕ್ಟರು ಬರೆದರೆ ಸಾಲದು, ಕಂಪನಿ ಮೊದಲು ಅನುಮತಿ ಕೊಡಬೇಕು, ಅಗ್ಗದ ಔಷಧ ತಿಂದು ಫಲಿಸಲಿಲ್ಲ ಎಂದು ತೋರಿಸಬೇಕು ಅನ್ನುತ್ತಾರಂತೆ. 2022ರ ಅಕ್ಟೋಬರಿನಲ್ಲಿ ಅಲ್ಲಿನ ಔಷಧ ಇಲಾಖೆಯೇ ಒಂದು ಜಾತಿಯ ಗುಳಿಗೆ ಅಭಾವವಾಗಿದೆ ಎಂದು ಘೋಷಿಸಿತು. "ಅತ್ತೀ, ಇಂಡಿಯಾದಾಗ ಸಿಗ್ತದೇನ್ರೀ?" ಎಂದು ಅವಳು ನನ್ನನ್ನು ಕೇಳಿದಳು! ಬಂದವರ ಕೈಲಿ ಇಂಥ ಗುಳಿಗೆ ಕಳಿಸುವುದು, ತರಿಸುವುದು ಮಾತ್ರ ಯಾರೂ ಮಾಡಬೇಡಿ. ಕಾನೂನಿನ ತೊಡಕು.

ಮಂಗಳವಾರದ ಬಾಗಿಲು

ನನಗೆ ತಡವಾಗಿ ಗೊತ್ತಾದದ್ದು ಸರ್ಕಾರಿ ಆಸ್ಪತ್ರೆಯ ದಾರಿ. ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲೇ 1985ರಲ್ಲಿ ನಿಮ್ಹಾನ್ಸ್‌ನವರು ಮನಸ್ಸಿನ ಕಾಯಿಲೆಗೆ ಊರೂರ ಆಸ್ಪತ್ರೆಯಲ್ಲಿ ಚಿಕಿತ್ಸೆ ಕೊಡುವ ಪ್ರಯೋಗ ಮಾಡಿದರು. ಅದನ್ನೇ ಮಾದರಿಯಾಗಿಟ್ಟು 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಕರ್ನಾಟಕದಲ್ಲಿ 'ಮನೋಚೈತನ್ಯ' ಎಂಬ ಹೆಸರಿನಲ್ಲಿ ಮಂಗಳವಾರದ ದಿನ ಮನೋವೈದ್ಯರು ತಾಲೂಕು ಆಸ್ಪತ್ರೆಗೆ ಬರುವ ಏರ್ಪಾಟಿದೆ. ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಎಂದು ಆಸ್ಪತ್ರೆಯಲ್ಲೋ ಆಶಾ ಕಾರ್ಯಕರ್ತೆಯರಲ್ಲೋ ವಿಚಾರಿಸಿ. ರಾಯಚೂರಿನಲ್ಲಿ ರಿಮ್ಸ್ ಇದೆ, ಧಾರವಾಡದಲ್ಲಿ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಬೇರೆ ವಿಭಾಗ. ಒಂದು ಸಲ ದೊಡ್ಡ ಆಸ್ಪತ್ರೆಯಲ್ಲಿ ತೋರಿಸಿ ಕಾಗದ ಮಾಡಿಸಿಕೊಂಡರೆ ಮುಂದೆ ಹತ್ತಿರದ ಡಾಕ್ಟರಿಗೂ ಅನುಕೂಲ. 2022ರ ಅಕ್ಟೋಬರ್ 10ರಿಂದ 'ಟೆಲಿ ಮಾನಸ್' ಎಂಬ ಫೋನು ಸೇವೆಯೂ ಇದೆ, ಸಂಖ್ಯೆ 14416, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ. ಆದರೆ 'ಎಕ್ಸ್' ಪಟ್ಟಿಯ ಗುಳಿಗೆಯನ್ನು ಫೋನಿನ ಮೇಲೆ ಬರೆದುಕೊಡುವ ಹಾಗಿಲ್ಲ, 2020ರ ನಿಯಮ ಹಾಗಿದೆ. ಡಾಕ್ಟರನ್ನು ಮುಖತಃ ನೋಡಲೇಬೇಕು.

ಗುಳಿಗೆ ತಿನ್ನುವ ಮಕ್ಕಳ ತಾಯಂದಿರಿಗೆ ಅಡಿಗೆಮನೆಯ ಒಂದು ಮಾತು. ಈ ಔಷಧ ಹಸಿವು ಕಡಿಮೆ ಮಾಡುತ್ತದೆ, ಮಧ್ಯಾಹ್ನದ ಡಬ್ಬಿ ಹಾಗೇ ಮರಳಿ ಬರುತ್ತದೆ. ಅದಕ್ಕೆ ನಾನು ಬೆಳಿಗ್ಗೆ ಗುಳಿಗೆಗೆ ಮೊದಲೇ ಬೆಣ್ಣೆ ಹಚ್ಚಿದ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ತಿನ್ನಿಸಿಬಿಡುತ್ತೇನೆ. ಸಂಜೆ ಹಸಿವು ತಿರುಗಿ ಬಂದಾಗ ಶೇಂಗಾ ಉಂಡೆ, ಬಾಳೆಹಣ್ಣು, ರಾತ್ರಿ ಹೊಟ್ಟೆ ತುಂಬ ಊಟ. ಮೂರು ತಿಂಗಳಲ್ಲಿ ಇಳಿದಿದ್ದ ತೂಕ ಮತ್ತೆ ಏರಿತು.

ಕಾಗದಗಳನ್ನು ನಾನೀಗ ಹಳೆಯ ಬಿಸ್ಕೀಟಿನ ಡಬ್ಬಿಯಲ್ಲಿ ಹಾಕಿ ತಿಜೋರಿಯಲ್ಲಿ ಇಡುತ್ತೇನೆ. ಗುಳಿಗೆಯೂ ಅಲ್ಲೇ, ಬೀಗದೊಳಗೆ. ಕಳೆದ ತಿಂಗಳು ಪಾಲಿಸಿ ನವೀಕರಣದ ಜೊತೆ ಅತ್ತೆಯವರ ಹೆಸರಿಗೆ ಒಂದು ಹೊಸ ಫಾರಂ ಬಂತು, ಮನೆಯವರೆಲ್ಲರ ಕಾಯಿಲೆ ಬರೆಯಿರಿ ಎಂದು. ಈ ಸಲ ಏಜೆಂಟರ ಕೈಗೆ ಕೊಡದೆ ನಾನೇ ಕೂತು ತುಂಬಿದೆ. ಅತ್ತೆಯವರ ಬಿ.ಪಿ., ನನ್ನ ಶುಗರು, ಎಲ್ಲ. ಮಗನ ಸಾಲಿಗೆ ಬಂದಾಗ ಗುಳಿಗೆಯ ಇಂಗ್ಲಿಷ್ ಅಕ್ಷರ ತಪ್ಪಿತು. ಪಕ್ಕದಲ್ಲಿ ಲೆಕ್ಕ ಬಿಡಿಸುತ್ತಿದ್ದವನು ಬಗ್ಗಿ ನೋಡಿ, "ಅವ್ವಾ, ಅಲ್ಲಿ ಎಚ್ ಬಿಟ್ಟಿದಿ" ಅಂದ. ತಿದ್ದಿ ಬರೆದೆ.